ಚುನಾವಣೆಗೆ ನಿಲ್ಲುವವರು, ನಿಲ್ಲಿಸುವವರು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿವೃತ್ತ ಕಾರ್ಯದರ್ಶಿಯವರು ಮಾಡಿದ ಭಾಷಣ)



ಸಾಲ, ವಸೂಲಿ, ಗೊಬ್ಬರ ಇವನ್ನು ಬಿಟ್ಟು ಬೇರೆ ಏನಾದರೂ ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ವಿಧಾನಸಭೆಗೆ ಅಭ್ಯರ್ಥಿಯಾಗಿ ನಿಲ್ಲುವುದರ ಬಗ್ಗೆ ಎರಡು ಮಾತು ಹೇಳೋಣ ಎಂದುಕೊಂಡೆ. ಸಂಘದ ವೇದಿಕೆಯಲ್ಲಿ ರಾಜಕೀಯ ಯಾಕಪ್ಪಾ ಎಂದು ಕೆಲವರಿಗೆ ಅನಿಸಬಹುದು. ಗಾಬರಿ ಬೇಡ, ನಾನು ಯಾವ ಪಕ್ಷದ ಪರವೂ ಮಾತಾಡುವವನಲ್ಲ. ಆದರೆ ಈ ಸಂಘದ ಲೆಡ್ಜರು ಬರೆದ ಕೈ ನನ್ನದು. ಚುನಾವಣೆ ಎಂಬುದು ಒಂದು ಮನೆಯ ಲೆಕ್ಕದೊಳಕ್ಕೆ ಹೊಕ್ಕರೆ ಏನೇನಾಗುತ್ತದೆ ಎಂಬುದನ್ನು ಆ ಲೆಡ್ಜರಿನಲ್ಲಿಯೇ ಕಂಡಿದ್ದೇನೆ.

ಮೊದಲು ಕಾನೂನಿನ ಮಾತು. ನಮ್ಮ ವಿಧಾನಸಭೆಗೆ 224 ಸ್ಥಾನ. ಅದರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ನಿಲ್ಲುವವರಿಗೆ 25 ವರ್ಷ ತುಂಬಿರಬೇಕು. ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯಾದರೆ ಒಬ್ಬ ಸೂಚಕ ಸಾಕು. ಪಕ್ಷೇತರನಾದರೆ ಅದೇ ಕ್ಷೇತ್ರದ ಹತ್ತು ಜನ ಮತದಾರರು ಸೂಚಕರಾಗಿ ರುಜು ಹಾಕಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಹಿಂದೆ ಇದು ಬರೀ 250 ರೂಪಾಯಿ ಇತ್ತು, 1996ರಲ್ಲಿ ಒಮ್ಮೆಗೇ 5,000 ಆಯಿತು, ಆಮೇಲೆ ಈಗಿನ ಮೊತ್ತಕ್ಕೆ ಏರಿತು.

ಇಷ್ಟನ್ನು ನೋಡಿದರೆ, ಯಾರು ಬೇಕಾದರೂ ನಿಲ್ಲಬಹುದು ಅಲ್ವೇ ಎನಿಸುತ್ತದೆ. ನಿಜ, ಬಾಗಿಲು ಎಲ್ಲರಿಗೂ ತೆರೆದಿದೆ. ಕಷ್ಟವಿರುವುದು ಬಾಗಿಲು ದಾಟಿದ ಮೇಲೆ.

ಚುನಾವಣಾ ವೆಚ್ಚಕ್ಕೆ ಒಂದು ಮಿತಿ ಇದೆ. 2022ರಿಂದ ನಮ್ಮ ರಾಜ್ಯದಲ್ಲಿ ಒಂದು ವಿಧಾನಸಭಾ ಕ್ಷೇತ್ರಕ್ಕೆ 40 ಲಕ್ಷ ರೂಪಾಯಿ. ಅದಕ್ಕೆ ಮೀರಿ ಖರ್ಚು ಮಾಡುವಂತಿಲ್ಲ ಎಂಬುದು ಕಾನೂನು. ಆದರೆ ನಮ್ಮ ಜನ ಅದನ್ನು ತಿರುವುಮುರುವಾಗಿ ಓದುತ್ತಾರೆ. "ನಲವತ್ತು ಲಕ್ಷನಾದರೂ ಇಲ್ಲದೆ ಎಲೆಕ್ಷನ್ನಿಗೆ ನಿಲ್ತಾನಂತೆ" ಎಂದು ನಗುತ್ತಾರೆ. ಮಿತಿಯೇ ಅರ್ಹತೆ ಆಗಿಬಿಟ್ಟಿದೆ, ನೋಡಿ.

ನಮ್ಮ ಸಂಘದ ವ್ಯಾಪ್ತಿಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಓದಿದ ಹುಡುಗ, ಒಳ್ಳೆಯ ಹುಡುಗ. ಕೆರೆ ಹೂಳೆತ್ತಿಸಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದವನು. ಪಕ್ಷೇತರನಾಗಿ ನಿಂತ. "ಗೆದ್ದೇ ಗೆಲ್ತೀಯ ಕಣಪ್ಪಾ" ಎನ್ನುವವರು ಸುತ್ತ ಸೇರಿದರು. ದಿನಾ ಜೀಪು, ದಿನಾ ಊಟ, ಊರೂರಿಗೂ ಫ್ಲೆಕ್ಸು. ಠೇವಣಿ ಹೋಯಿತು. ಅದು ದೊಡ್ಡದಲ್ಲ. ತಂದೆಯ ಎರಡು ಎಕರೆ ಗದ್ದೆ ಹೋಯಿತು. ಅವರ ಬೆಳೆ ಸಾಲದ ಖಾತೆ ಆ ವರ್ಷ ಸುಸ್ತಿಗೆ ಬಿತ್ತು. ನೋಟೀಸು ಕೊಡಲು ಹೋದವನು ನಾನೇ, ನನ್ನ ಕೆಲಸ ಅದು. ಆ ಯಜಮಾನರು ನೋಟೀಸಿಗೆ ರುಜು ಹಾಕಿ ಹೇಳಿದ ಮಾತು ಇಷ್ಟು: "ಮಗ ಸೋತಿದ್ದಕ್ಕೆ ಬೇಜಾರಿಲ್ಲ ಸ್ವಾಮಿ. ನಮ್ಮ ಗದ್ದೆ ಉಂಡವರೂ ಅವನಿಗೆ ಓಟು ಹಾಕಲಿಲ್ವಲ್ಲ, ಅದಕ್ಕೆ."

ಆದ್ದರಿಂದ ನಿಲ್ಲಬೇಕೆನ್ನುವ ಯುವಕರಿಗೆ, ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇದು. ಠೇವಣಿ ಹೋಗುವುದು ಅವಮಾನವಲ್ಲ, ಜಮೀನು ಹೋಗುವುದು ಅನಾಹುತ. ಠೇವಣಿಯ ಲೆಕ್ಕ ತಿಳಿದುಕೊಳ್ಳಿ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಠೇವಣಿ ವಾಪಸು. ಒಂದು ಕ್ಷೇತ್ರದಲ್ಲಿ 1,80,000 ಸಿಂಧು ಮತ ಬಿದ್ದಿವೆ ಎನ್ನಿ, 30,000ಕ್ಕೆ ಮೇಲೆ ಒಂದಾದರೂ ಬೇಕು. 2013ರಲ್ಲಿ ಬಂದ ನೋಟಾ ಮತಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಹಣಬಲ, ಪಕ್ಷಬಲ ಇಲ್ಲದವನಿಗೆ ಮೊದಲ ಸಲವೇ ಇಷ್ಟು ಮತ ಬರುವುದು ಅಪರೂಪ. ಹತ್ತು ಸಾವಿರ ಹೋದರೆ ಹೋಗಲಿ ಎಂದು ಮೊದಲೇ ತೆಗೆದಿಟ್ಟು ನಿಲ್ಲಬೇಕು. ಅದರಾಚೆಯ ಖರ್ಚು ಊರವರು ಕೊಟ್ಟಷ್ಟು ಮಾತ್ರ.

ಊರವರು ಕೊಡ್ತಾರೆಯೇ ಎಂದು ಕೇಳಬಹುದು. ಕೊಟ್ಟಿದ್ದಾರೆ. ಕಾಗೋಡು ರೈತರ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದು ಬಂದರು. ಅವರ ಹಿಂದೆ ಥೈಲಿ ಇರಲಿಲ್ಲ, ಗೇಣಿದಾರರಿದ್ದರು. 1957ರಲ್ಲಿ ಸೋತರು, 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮುಂದೆ ರೈತ ಸಂಘದವರು "ಒಂದು ಓಟು, ಒಂದು ನೋಟು" ಎಂದು ಮನೆಮನೆಗೆ ಹೋದರು. ಅಂದರೆ ಅಭ್ಯರ್ಥಿ ಮತದಾರನಿಗೆ ನೋಟು ಕೊಡುವುದಲ್ಲ, ಮತದಾರನೇ ಅಭ್ಯರ್ಥಿಗೆ ಓಟಿನ ಜೊತೆಗೆ ನೋಟನ್ನೂ ಕೊಡುವುದು. ಆ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದರು. ನಡುವೆ ಸೋಲುಗಳನ್ನು ಕಂಡರು, 2013ರಲ್ಲಿ ಮೇಲುಕೋಟೆಯಿಂದ ಮತ್ತೆ ಗೆದ್ದರು. ಸೋತ ವರ್ಷಗಳಲ್ಲೂ ಅವರು ರೈತರ ಜೊತೆಯೇ ಇದ್ದರು ಎಂಬುದನ್ನು ಗಮನಿಸಿ. ಚುನಾವಣೆ ಮುಗಿದ ಮಾರನೆ ದಿನ ಬಾಗಿಲು ಹಾಕಿಕೊಳ್ಳುವವರಿಗೆ ಎರಡನೇ ಸಲ ಯಾರೂ ನೋಟೂ ಕೊಡುವುದಿಲ್ಲ, ಓಟೂ ಕೊಡುವುದಿಲ್ಲ.

ಇನ್ನು ಕಾಗದಪತ್ರದ ಮಾತು, ನನಗೆ ಪ್ರಿಯವಾದ ಮಾತು. ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಬೇಕು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ಬಂದ ಪದ್ಧತಿ ಇದು. ಮೇಲಿರುವ ಮೊಕದ್ದಮೆಗಳು, ಆಸ್ತಿ, ಸಾಲ, ವಿದ್ಯಾಭ್ಯಾಸ, ಹೆಂಡತಿ ಅಥವಾ ಗಂಡನ ಹೆಸರಿನಲ್ಲಿರುವುದು, ಎಲ್ಲವನ್ನೂ ಬರೆಯಬೇಕು. ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ. ಖರ್ಚಿಗಾಗಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಗೆದ್ದವನೂ ಸೋತವನೂ ಲೆಕ್ಕ ಒಪ್ಪಿಸಬೇಕು. ಸೋತೆನಲ್ಲಾ, ಇನ್ನೇನು ಲೆಕ್ಕ ಎಂದು ಸುಮ್ಮನಿದ್ದರೆ ಮೂರು ವರ್ಷದವರೆಗೆ ಅನರ್ಹತೆ ಬರಬಹುದು. ಸರ್ಕಾರದ ಕಾಮಗಾರಿಯ ಗುತ್ತಿಗೆ ಕೈಯಲ್ಲಿ ಇಟ್ಟುಕೊಂಡವರೂ ನಿಲ್ಲುವಂತಿಲ್ಲ, ನಮ್ಮ ಕಡೆ ಅಂಥವರು ಬಹಳ ಜನ ಇದ್ದಾರೆ ಎಂದು ಹೇಳುತ್ತಿದ್ದೇನೆ.

ಇಲ್ಲಿ ನಮ್ಮ ಸಂಘಕ್ಕೂ ವಿಧಾನಸಭೆಗೂ ಇರುವ ಒಂದು ವ್ಯತ್ಯಾಸ ನೋಡಿ. ಸಂಘದ ಸುಸ್ತಿದಾರ ನಮ್ಮ ಆಡಳಿತ ಮಂಡಳಿಗೆ ನಿಲ್ಲಲು ಆಗದು. ವಿಧಾನಸಭೆಗೆ ನಿಲ್ಲುವವನು ಎಷ್ಟು ಸಾಲಗಾರನಾದರೂ ಸರಿ, ಪ್ರಮಾಣಪತ್ರದಲ್ಲಿ ಬರೆದರೆ ಸಾಕು, ದಿವಾಳಿ ಎಂದು ಕೋರ್ಟು ಸಾರಿರಬಾರದು ಅಷ್ಟೆ. ಹಾಗಾದರೆ ಅವನನ್ನು ಅಳೆಯುವವರು ಯಾರು? ಆ ಪ್ರಮಾಣಪತ್ರ ಓದಬೇಕಾದ ಮತದಾರರು, ಅಂದರೆ ನಾವೇ. ಅದು ಗುಟ್ಟಿನ ಕಾಗದವಲ್ಲ, ಚುನಾವಣಾಧಿಕಾರಿಗಳು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಸಂಘದ ಆಡಿಟ್ ವರದಿಯನ್ನು ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಮಾಡುವ ನಮ್ಮ ಸದಸ್ಯರು ಅಭ್ಯರ್ಥಿಯ ಪ್ರಮಾಣಪತ್ರವನ್ನು ಯಾಕೆ ಓದಬಾರದು?

ಒಂದು ಹೋಲಿಕೆಯೂ ಇದೆ. ಸಂಘದಲ್ಲಿ ಒಂದು ಷೇರಿದ್ದವನಿಗೂ ನೂರು ಷೇರಿದ್ದವನಿಗೂ ಒಂದೇ ಓಟು. ವಿಧಾನಸಭೆ ಚುನಾವಣೆಯಲ್ಲೂ ಹಾಗೆಯೇ. ಆ ಒಂದು ಓಟಿನ ಬೆಲೆ ಏನು? 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಮತ. ಐನೂರಕ್ಕೋ ಸಾವಿರಕ್ಕೋ ಮಾರುವ ಪದಾರ್ಥವಲ್ಲ ಅದು. ಓಟಿಗೆ ದುಡ್ಡು ಕೊಡುವವನಷ್ಟೇ ಅಲ್ಲ, ತೆಗೆದುಕೊಳ್ಳುವವನೂ ಕಾನೂನಿನ ಕಣ್ಣಿನಲ್ಲಿ ಅಪರಾಧಿ.

ತಾಯಂದಿರಿಗೆ ಒಂದು ಮಾತು. 2023ರಲ್ಲಿ ಸಂವಿಧಾನಕ್ಕೆ 106ನೇ ತಿದ್ದುಪಡಿ ಬಂತು. ವಿಧಾನಸಭೆಯ ಮೂರನೇ ಒಂದು ಪಾಲು ಸ್ಥಾನ ಮಹಿಳೆಯರಿಗೆ ಎಂದು ಅದು ಹೇಳುತ್ತದೆ. ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ನಂತರ ಜಾರಿಗೆ ಬರಬೇಕಾದದ್ದು ಅದು. ಆ ದಿನ ಬಂದಾಗ ಸಂಘದಲ್ಲಿ ಲೆಕ್ಕ ಕಲಿತ, ಸಭೆಯಲ್ಲಿ ಮಾತು ಕಲಿತ ನೀವೇ ನಿಲ್ಲಿ. ಗಂಡನ ಪರವಾಗಿ, ಮಾವನ ಪರವಾಗಿ ನಿಲ್ಲುವುದು ಬೇಡ.

ಬಂಧುಗಳೆ, ಹಣವಿದ್ದವರೇ ನಿಲ್ಲುತ್ತಾರೆ ಎಂದು ನಾವು ಬೈಯುತ್ತೇವೆ. ಹಣವಿಲ್ಲದವನು ನಿಂತಾಗ ಅವನ ಮನೆಯ ಅಂಗಳದಲ್ಲಿ ಪಂಕ್ತಿ ಹಾಕಿ ಊಟಕ್ಕೆ ಕೂರುತ್ತೇವೆ. ಎರಡೂ ಒಟ್ಟಿಗೆ ಸಾಗದು. ನಮ್ಮ ನಡುವಿನಿಂದ ಒಬ್ಬರು ನಿಂತರೆ ಬುತ್ತಿ ನಾವು ಕಟ್ಟಿಕೊಂಡು ಹೋಗಬೇಕು. ಒಂದು ಕ್ಷೇತ್ರದಲ್ಲಿ ಸುಮಾರು ಇನ್ನೂರೈವತ್ತು ಮತಗಟ್ಟೆ ಇರುತ್ತವೆ. ನಮ್ಮೂರ ಮತಗಟ್ಟೆಯಲ್ಲಿ ಕೂಲಿ ಕೇಳದೆ ಏಜೆಂಟಾಗಿ ಕೂರುವ ಒಬ್ಬರು, ಮನೆಗೆ ಹತ್ತು ರೂಪಾಯಿ ಎತ್ತುವ ಇಬ್ಬರು, ಅದನ್ನು ರಸೀತಿ ಹಾಕಿ ಬರೆಯುವ ಇನ್ನೊಬ್ಬರು, ಇಷ್ಟು ಜನ ಪ್ರತಿ ಊರಿನಲ್ಲಿ ಸಿಕ್ಕಿದರೆ ಅಭ್ಯರ್ಥಿ ಗದ್ದೆ ಮಾರಬೇಕಾಗಿಲ್ಲ. ಚಿಕ್ಕ ಚಿಕ್ಕ ಷೇರು ಕೂಡಿಸಿಯೇ ನಾವು ಈ ಸಂಘ ಕಟ್ಟಿದ್ದು. ಆ ವಿದ್ಯೆ ನಮಗೆ ಹೊಸದಲ್ಲ.

ಸಂಘ ಇನ್ನೂ ಇಪ್ಪತ್ತೈದು ವರ್ಷ ಕಂಡು ಸುವರ್ಣ ಮಹೋತ್ಸವ ಆಚರಿಸಲಿ ಎಂದು ಹಾರೈಸುತ್ತೇನೆ.