ಉಡುಗೆಯೂ ಉದ್ಯೋಗವೂ



ಈ ಮಾತುಗಳನ್ನಾಡುವಾಗ ನಾನು ಏನು ಉಟ್ಟಿದ್ದೇನೆ, ಏನು ತೊಟ್ಟಿದ್ದೇನೆ ಎಂಬುದು ನಿಮಗೆ ಕಾಣಿಸದು. ರೇಡಿಯೋವಿನ ದೊಡ್ಡ ಸೌಕರ್ಯವೇ ಅದು. ಹಾಗಿದ್ದೂ ಈ ದಿನ ಒಗೆದ ಪಂಚೆಯುಟ್ಟು, ಶಲ್ಯವನ್ನು ಎರಡೆರಡು ಸಲ ಸರಿಪಡಿಸಿಕೊಂಡೇ ಮನೆ ಬಿಟ್ಟೆ. "ಯಾರು ನೋಡ್ತಾರೇಂತ ಈ ಸಂಭ್ರಮ ನಿಮಗೆ?" ಎಂದು ಮನೆಯಾಕೆ ನಕ್ಕಳು. ಲಂಡನ್ನಿನ ಬಿ.ಬಿ.ಸಿ.ಯಲ್ಲಿ 1920ರ ದಶಕದಲ್ಲಿ ಸಂಜೆಯ ಉದ್ಘೋಷಕರು, ಔತಣಕ್ಕೆ ಹೊರಟವರಂತೆ, ಡಿನ್ನರ್ ಜಾಕೆಟ್ ತೊಟ್ಟು ಮೈಕಿನ ಮುಂದೆ ಕೂಡುತ್ತಿದ್ದರು. ಕೇಳುವವರಲ್ಲಿ ಒಬ್ಬರಿಗೂ ಅದು ಕಾಣುತ್ತಿರಲಿಲ್ಲ. ಕಾಣದವರ ಎದುರಿಗೂ ಒಪ್ಪವಾಗಿರಬೇಕೆಂಬ ಆ ಹಟ ನನಗೆ ಹಿಡಿಸುತ್ತದೆ.

ನಮ್ಮ ಭಾಷೆಗೆ ಈ ವಿಷಯದಲ್ಲಿ ಎಷ್ಟು ಅಕ್ಕರೆ ನೋಡಿ. ಸೀರೆ, ಪಂಚೆಗಳನ್ನು ಉಡುತ್ತೇವೆ. ಅಂಗಿಯನ್ನೂ ಒಡವೆಯನ್ನೂ ತೊಡುತ್ತೇವೆ. ಶಲ್ಯವನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಈಗ ಎಲ್ಲವನ್ನೂ 'ಹಾಕಿಕೊಳ್ಳುವ' ಕಾಲ ಬಂದಿದೆ; ಇರಲಿ, ಪಂಡಿತನ ಗೊಣಗಾಟವೆಂದು ಬಿಟ್ಟುಬಿಡಿ.

ನನಗೆ ಹಳಗನ್ನಡ ಕಲಿಸಿದ ಪಂಡಿತರ ಬಳಿ ಇದ್ದುದು ಒಂದೇ ಕರಿಯ ಕೋಟು. ಮೊಣಕೈಯ ಬಳಿ ತೇಪೆ. ಬಚ್ಚಲೊಲೆಯ ಕೆಂಡವನ್ನು ಹಿತ್ತಾಳೆಯ ತಂಬಿಗೆಗೆ ತುಂಬಿ, ಅದರಿಂದಲೇ ಪಂಚೆಗೆ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಪಾಠ ಮುಗಿದೊಡನೆ ತೋಳಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಂಡೇ ಹೊಸ್ತಿಲು ದಾಟುವರು. ಅವರು ತರಗತಿಗೆ ಬಂದರೆ ನಾವು ತಾವಾಗಿಯೇ ನೆಟ್ಟಗೆ ಕೂಡುತ್ತಿದ್ದೆವು. ಈ ಮನುಷ್ಯ ನಮಗಾಗಿ ಸಿದ್ಧನಾಗಿ ಬಂದಿದ್ದಾನೆ ಎಂಬುದು ಮಕ್ಕಳಿಗೆ ಹೇಗೋ ತಿಳಿಯುತ್ತದೆ. ತೊಂಬತ್ತು ದಾಟಿದ ಮೇಲೂ ಕೋಟು, ಪೇಟಗಳಲ್ಲಿ ಚೂರೂ ಲೋಪವಾಗಗೊಡದ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಆ ತೇಪೆಯ ಕೋಟೇ ನೆನಪಾಗುತ್ತದೆ. ಶುಚಿಯಾಗಿರಲು ಹಣ ಬೇಡ, ಮನಸ್ಸಿದ್ದರೆ ಸಾಕು ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಆ ನಂಬಿಕೆ ನನ್ನ ಕೆಲಸದ ಮೂರನೆಯ ವರ್ಷ ಅಲುಗಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೊಳೆಯಾದ ಅಂಗಿಯಲ್ಲಿ ಬಂದಿದ್ದ. ಕೊರಳಿನ ಗುಂಡಿಯ ಜಾಗದಲ್ಲಿ ಪಿನ್ನು. ಎಲ್ಲರೆದುರು ನಿಲ್ಲಿಸಿ, "ನಾಳೆ ಕೆಲಸ ಕೇಳಲು ಹೋದರೆ ನಿನ್ನನ್ನು ಬಾಗಿಲೊಳಗೆ ಬಿಡುವವರಾರು?" ಎಂದು ಗದರಿದೆ. ತರಗತಿ ನಕ್ಕಿತು. ಮಾರನೆಯ ದಿನದಿಂದ ಅವನ ಸುಳಿವಿಲ್ಲ. ನಾಲ್ಕನೆಯ ದಿನ ಮನೆ ಹುಡುಕಿಕೊಂಡು ಹೋದೆ. ಹುಡುಗ ಟವೆಲು ಹೊದೆದು ಮೂಲೆಯಲ್ಲಿ ಕುಳಿತಿದ್ದ. "ಇರೋದೊಂದೇ ಅಂಗಿ ಮೇಷ್ಟ್ರೇ," ಎಂದರು ಅವನ ತಾಯಿ. "ಅವತ್ತೇ ಒಗೆದು ಹಾಕ್ದೆ. ಮಳೆ ಹಿಡ್ಕೊಂಡು ಬಿಟ್ಟಿದೆ, ಒಣಗ್ಲೇ ಇಲ್ಲ. ಒದ್ದೆ ಅಂಗೀಲಿ ಬಂದ್ರೆ ನೀವು ಮತ್ತೆ ಬೈತೀರಂತೆ." ಒಲೆಯ ಮೇಲಿನ ಹಗ್ಗದಲ್ಲಿ ಆ ಅಂಗಿ ತೂಗುತ್ತಿತ್ತು. ನನಗೆ ಅಲ್ಲಿ ಉತ್ತರ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ.

ಗಾಂಧೀಜಿಯವರು 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡು ಪಂಚೆಗಿಳಿದ ಕಥೆಯನ್ನು ನಾನು ಅಲ್ಲಿಯವರೆಗೆ ಬಾಯಿಪಾಠದಂತೆ ಹೇಳುತ್ತಿದ್ದೆ. ಖಾದಿ ಕೊಳ್ಳುವಷ್ಟು ಹಣ ನಮ್ಮಲ್ಲಿಲ್ಲ ಎಂದು ಬಡವರು ಹೇಳಿದ ಮಾತು ಅವರನ್ನು ಚುಚ್ಚಿತ್ತು. 1931ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ದೊರೆಯನ್ನು ಕಾಣಲು ಹೋದಾಗಲೂ ಅದೇ ಪಂಚೆ, ಅದೇ ಶಾಲು. ಅದನ್ನು ಉಡುಪಿನ ಅಲಕ್ಷ್ಯವೆನ್ನಲಾದೀತೆ? ತಾನು ಯಾರ ಪರವಾಗಿ ಬಂದಿದ್ದೇನೆಂಬುದನ್ನು ಅಷ್ಟು ಯೋಚಿಸಿ ಉಟ್ಟವರು ವಿರಳ.

ವಕೀಲರಿಗೆ ಕರಿಯ ಕೋಟು, ಬಿಳಿಯ ಪಟ್ಟಿ ಎಂಬ ನಿಯಮವಿದೆ. ಬೇಸಗೆಯಲ್ಲಿ ಕೆಳ ನ್ಯಾಯಾಲಯಗಳಲ್ಲಿ ಕೋಟು ಕಡ್ಡಾಯವಲ್ಲವೆಂಬ ವಿನಾಯಿತಿಯೂ ಇದೆ. ನಿಯಮ ಮಾಡಿದವರಿಗೆ ಸೆಕೆಯ ಅರಿವಿತ್ತೆಂದಾಯಿತು. ಸಂದರ್ಶನ ನಡೆಸುವ ದೊಡ್ಡವರಿಗೆ ಬಡತನದ ಅರಿವೂ ಅಷ್ಟೇ ಇರಲೆಂದು ಬಯಸುತ್ತೇನೆ. ಎದುರಿಗೆ ಕುಳಿತ ತರುಣನ ಅಂಗಿ ಮಾಸಲಾಗಿದ್ದರೆ, ಅವನು ಎಷ್ಟು ದೂರದಿಂದ, ಯಾವ ಬಸ್ಸಿನಲ್ಲಿ ನಿಂತುಕೊಂಡು ಬಂದನೆಂದು ಒಂದು ಕ್ಷಣ ಯೋಚಿಸಬಾರದೇ?

ತರುಣರಿಗೂ ಒಂದು ಮಾತು. ಸಾಲ ತಂದ ಟೈ ಕೊರಳನ್ನು ಬಿಗಿಯುತ್ತದೆ, ಮಾತು ಹೊರಡುವುದಿಲ್ಲ. ಮನೆಯಲ್ಲಿ ಒಗೆದ ಅಂಗಿ, ಕತ್ತರಿಸಿದ ಉಗುರು, ಬಾಚಿದ ತಲೆ, ಧೂಳೊರೆಸಿದ ಚಪ್ಪಲಿ ಸಾಕು. ಹಿಂದಿನ ರಾತ್ರಿಯೇ ಗುಂಡಿಗಳನ್ನು ಎಣಿಸಿ ನೋಡಿಕೊಳ್ಳಿ.

ಆ ಹುಡುಗ ಮತ್ತೆ ಶಾಲೆಗೆ ಬಂದ. ಆದರೆ ನನ್ನ ತರಗತಿಯಲ್ಲಿ ಕೊನೆಯವರೆಗೂ ಹಿಂದಿನ ಬೆಂಚನ್ನು ಬಿಟ್ಟೇಳಲಿಲ್ಲ. ಅಂದಿನಿಂದ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ತಗಡಿನ ಡಬ್ಬಿಯಿದೆ: ಸೂಜಿ, ಬಿಳಿಯ ದಾರ, ಹತ್ತಾರು ಗುಂಡಿಗಳು. ಯಾರನ್ನೂ ಎದ್ದು ನಿಲ್ಲಿಸುವುದಿಲ್ಲ. ಬೇಕಾದವರು ಬಿಡುವಿನ ಹೊತ್ತಿನಲ್ಲಿ ತಾವೇ ಬಂದು ತೆಗೆದುಕೊಳ್ಳುತ್ತಾರೆ. ಕಳೆದ ವಾರ ಹೊಸದಾಗಿ ಬಂದ ಗಣಿತದ ಮೇಷ್ಟರು ಕೂಡ, ಆಚೀಚೆ ನೋಡಿ, ಮೆಲ್ಲನೆ ಒಂದು ಗುಂಡಿ ಕೇಳಿದರು.