ಆ ರಾತ್ರಿ ಪಕ್ಕದಲ್ಲಿ ಕೂತವಳು

(ಹರಿಹರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಆದರೆ ಇವತ್ತು ಹೇಳಹೊರಟಿರುವುದನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಮದುವೆಯಾದ ಎರಡನೇ ವರ್ಷ, ದಾವಣಗೆರೆಯಲ್ಲಿದ್ದೆ. ವರದಕ್ಷಿಣೆಯ ಬಾಕಿಗಾಗಿ ದಿನವೂ ಚುಚ್ಚುಮಾತು, ಒಮ್ಮೊಮ್ಮೆ ಏಟು. ಕೈಯಲ್ಲಿ ಎಂ.ಎ. ಪದವಿ ಇತ್ತು, ಬದುಕುವ ಆಸೆ ಇರಲಿಲ್ಲ. ಒಂದು ರಾತ್ರಿ ಹಿತ್ತಿಲಲ್ಲಿ ಒಬ್ಬಳೇ ಕೂತಿದ್ದಾಗ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಪಕ್ಕದ ಮನೆಯ ಅಕ್ಕ ಬಂದು ಕೂತಳು. "ಸಾಯೋ ಯೋಚನೆ ಮಾಡ್ತಿದೀಯೇನವ್ವಾ?" ಎಂದು ನೇರವಾಗಿ ಕೇಳಿದಳು. "ನಾನೂ ಒಂದಿನ ಹಿಂಗೇ ಕುಂತಿದ್ದೆ" ಎಂದಳು. ಹೊಂದಿಕೊಂಡು ಹೋಗು ಎನ್ನಲಿಲ್ಲ. ಬೆಳಕು ಹರಿಯುವವರೆಗೆ ಎದ್ದು ಹೋಗಲಿಲ್ಲ. ಬೆಳಿಗ್ಗೆ ಕೂಲಿ ಬಿಟ್ಟು ನನ್ನನ್ನು ಡಾಕ್ಟರ ಬಳಿ ಕರೆದೊಯ್ದಳು.

ಆ ಅಕ್ಕ ಮಾಡಿದ ಕೆಲಸವನ್ನು ಈಗ ಲೋಕವೇ ಕಲಿಯುತ್ತಿದೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ನೊಂದವರ ಮಾತು ಕೇಳಲು ಕೂರಿಸಿದರು. ಇದರಿಂದ ಜನರ ಖಿನ್ನತೆ ಕಡಿಮೆಯಾದದ್ದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ನಮ್ಮ ಸಂಘಗಳಿಗೆ ಬೆಂಚೂ ಬೇಡ, ವಾರದ ಸಭೆಯ ಚಾಪೆಯೇ ಸಾಕು.

ಹಾಗಾದರೆ ನಾವು ಮಾಡಬೇಕಾದದ್ದೇನು?

ಮೊದಲು, ಕೇಳಬೇಕು. ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದರೆ ಎದೆಯ ಭಾರ ಇಳಿಯುತ್ತದೆ.

ಎರಡನೆಯದು, ಅವಳನ್ನು ಒಬ್ಬಳನ್ನೇ ಬಿಡಬಾರದು. ನಾಲೆ ನೀರಿನ ಈ ಗದ್ದೆಯ ಊರುಗಳಲ್ಲಿ ಕ್ರಿಮಿನಾಶಕ ಮನೆಯೊಳಗೇ ಇರುತ್ತದೆ. ಅದನ್ನು ಮೊದಲು ಆ ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿಸಿ. ಅನಾಹುತ ನಡೆದೇಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಕೇಸಾಗುತ್ತದೆಂದು ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಬೇಕಾದದ್ದು ಆರೈಕೆ, ಶಿಕ್ಷೆಯಲ್ಲ.

ಮೂರನೆಯದು, ನಾವು ಡಾಕ್ಟರಲ್ಲ ಎಂಬುದು ನೆನಪಿರಲಿ. ಡಾಕ್ಟರವರೆಗೆ ಕೈಹಿಡಿದು ನಡೆಸುವವರು ನಾವು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಎನ್ನದೆ ಪುಕ್ಕಟೆಯಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಹೊಡೆತ ನಿಲ್ಲದೆ ಬರೀ ಮಾತ್ರೆಯಿಂದ ಮನಸ್ಸು ವಾಸಿಯಾಗದು. ದೌರ್ಜನ್ಯವಿದ್ದರೆ ಮಹಿಳಾ ಸಹಾಯವಾಣಿ 181, ತಕ್ಷಣದ ಅಪಾಯಕ್ಕೆ 112. ರಕ್ಷಣೆಯ ಆದೇಶ ಕೇಳಲು, ಗಂಡನ ಮನೆಯಲ್ಲೇ ಉಳಿಯಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹಕ್ಕಿದೆ.

ಇನ್ನೊಂದು ಮಾತು. ಅವಳು ಹೇಳಿಕೊಂಡದ್ದು ನಲ್ಲಿಕಟ್ಟೆಯ ಸುದ್ದಿಯಾಗಕೂಡದು. ಜೀವಕ್ಕೆ ಅಪಾಯವಿದ್ದರೆ ಮಾತ್ರ, ಅವಳಿಗೆ ತಿಳಿಸಿಯೇ, ನೆರವು ನೀಡಬಲ್ಲವರಿಗೆ ಹೇಳಿ. ಒಬ್ಬಳೇ ಭಾರ ಹೊರದೆ ಇಬ್ಬಿಬ್ಬರು ಸರದಿಯಂತೆ ಜೊತೆಗಿರಿ. ಕೇಳುವವರ ಮನಸ್ಸೂ ದಣಿಯುತ್ತದೆ.

ಗೆಳತಿಯರೇ, ಒಬ್ಬಳು ಸಾಲದ ಕಂತು ತಪ್ಪಿಸಿದರೆ ಅದೇ ಸಂಜೆ ಅವಳ ಬಾಗಿಲು ಬಡಿಯುತ್ತೇವೆ. ಅವಳು ಮಾತು ಬಿಟ್ಟಾಗ, ಊಟ ಬಿಟ್ಟಾಗ ಬಡಿಯುತ್ತೇವೆಯೇ? ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮೊದಲು, ಬಾರದವಳು ಯಾಕೆ ಬರಲಿಲ್ಲ ಎಂದು ಕೇಳೋಣ. ಆ ಅಕ್ಕ ಈಗಿಲ್ಲ. ಅವಳು ಕೇಳಿದ್ದರಿಂದ ನಾನಿದ್ದೇನೆ.