ದೋಣಿಗೆ ಬ್ಯಾಟರಿ: ಲೆಕ್ಕ ಮೊದಲು, ಸಾಮಾನು ಆಮೇಲೆ
(ಕಟ್ಟೆಮಳಲವಾಡಿಯಲ್ಲಿ ಮಾಡಿದ ಭಾಷಣದ ಸಾರ)



ಬ್ಯಾಟರಿ ದೋಣಿ ಸಿರಿವಂತರ ಷೋಕಿಯಲ್ಲ. ಕೇರಳದ ಸರ್ಕಾರಿ ಜಲಸಾರಿಗೆ ಇಲಾಖೆ 2017ರಲ್ಲಿ ವೈಕಂನಲ್ಲಿ 75 ಜನ ಕೂರುವ 'ಆದಿತ್ಯ' ದೋಣಿಯನ್ನು ಓಡಿಸಲಾರಂಭಿಸಿತು. ಚಾವಣಿಯ ಮೇಲೆ ಸೌರಫಲಕ, ಒಳಗೆ 50 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ.

ಲಕ್ಷ್ಮಣತೀರ್ಥದ ಕಟ್ಟೆಯ ನೀರುಣ್ಣುವ ನಿಮಗೆ ಗೊತ್ತು: ಅಳತೆಯಿಲ್ಲದೆ ನೀರು ಬಿಟ್ಟರೆ ಕೊನೆಯ ಗದ್ದೆ ಒಣಗುತ್ತದೆ. ವಿದ್ಯುತ್ತೂ ಹಾಗೆಯೇ.

ಕಬಿನಿ ಹಿನ್ನೀರಿಗೆ ತಕ್ಕ ಸಣ್ಣ ದೋಣಿಯೊಂದನ್ನು ತೆಗೆದುಕೊಳ್ಳಿ. 1000 ವಾಟ್ ಮೋಟಾರು 3 ಗಂಟೆ ಓಡಿದರೆ 3 ಯೂನಿಟ್. ದೀಪ, ಮೀನಿನ ತಂಪುಪೆಟ್ಟಿಗೆಗೆ ಅರ್ಧ ಯೂನಿಟ್. ಇವು ಇನ್ವರ್ಟರಿನ ಮೂಲಕ ಹೋಗುವುದರಿಂದ ಇನ್ನಷ್ಟು ಸೋರಿಕೆ. ಬ್ಯಾಟರಿಯ ನೂರರಲ್ಲಿ ಎಂಬತ್ತು ಪಾಲು ಮಾತ್ರ ಬಳಸಬೇಕು. ಅಲ್ಲಿಗೆ ನಾಲ್ಕೂವರೆ ಯೂನಿಟ್ಟಿನ ಬ್ಯಾಟರಿ ಬೇಕಾಯಿತು. 3.2 ವೋಲ್ಟಿನ 16 ಕೋಶ, 100 ಆಂಪಿಯರ್-ಗಂಟೆ: 5.12 ಯೂನಿಟ್. ತೂಕ ಸುಮಾರು 50 ಕಿಲೋ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುವಂತಿಲ್ಲ. ಅದೇ ಕೆಲಸಕ್ಕೆ ತೂಕ 200 ಕಿಲೋ ಮುಟ್ಟುತ್ತದೆ. ಅಷ್ಟು ಜನರ, ಸರಕಿನ ಜಾಗ ಹೋದಂತೆ.

ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಲಿ. ತಂತಿ ತಾಗಿದರೆ ಬೆಂಕಿ. ಇನ್ವರ್ಟರು ತಂಪುಪೆಟ್ಟಿಗೆ ಹೊರಡುವ ಕ್ಷಣದ ಎಳೆತವನ್ನು ತಾಳಬೇಕು. ಬ್ಯಾಟರಿ ಕಾಯುವ ಯಂತ್ರ ನಡುನೀರಿನಲ್ಲಿ ವಿದ್ಯುತ್ ಕಡಿದೀತು; ಹುಟ್ಟುಗೋಲು ಮರೆಯಬೇಡಿ.

ಸಾಲ ಮಾಡಿ ಕೊಳ್ಳುವವನು ಅಂಬಿಗ. ಮುಳುಗಿದರೆ ಅವನ ಬದುಕು, ಹತ್ತಿದವರ ಜೀವ. ಆದ್ದರಿಂದ ಹೊಗಳಿಕೆ ಕೇಳಬೇಡಿ. ಯೂನಿಟ್ ಎಷ್ಟು, ತೂಕ ಎಷ್ಟು, ಫ್ಯೂಸು ಎಲ್ಲಿ ಎಂದು ಬರೆಸಿಕೊಳ್ಳಿ. ಲೆಕ್ಕ ದುಡಿಯುವವನ ಕೈಯಲ್ಲಿದ್ದರೆ ಯಂತ್ರ ಅವನಿಗೆ ಆಳು.